ಮೂವತ್ತೈದು ವರ್ಷದ ಬೇವಿನ ಗಿಡ, ಎರಡು ವರ್ಷದ ಪೆಟ್ರೋಲ್: ಕಾಡಿನ ಕಾರ್ಬನ್ ಲೆಕ್ಕ ನಮ್ಮ ಕಡೆ ಹೆಂಗ ಕೂಡತೈತಿ

ಹೋದ ವರ್ಷ ನಮ್ಮ ಮನಿ ಮುಂದಿನ ಬೇವಿನ ಗಿಡ ಕಡಿಸಬೇಕಾತು. ರಸ್ತೆ ಅಗಲ ಮಾಡೋರು ಹೊಡೆದ ಕೆಂಪು ಮಾರ್ಕ್ ಸೀದಾ ಗಿಡದ ಬುಡಕ್ಕ ಬಂದಿತ್ತು, ಏನೂ ಮಾಡಾಕ ಬರಲಿಲ್ಲ. ನಮ್ಮಕ್ಕ ಹುಟ್ಟಿದ ವರ್ಷ ಅಜ್ಜ ಹಚ್ಚಿದ ಗಿಡ ಅದು, ಅಂದ್ರ ಮೂವತ್ತೈದು ವರ್ಷದ್ದು. ಕಟ್ಟಿಗಿ ಅಡ್ಡಾದವ್ರು ಟ್ರ್ಯಾಕ್ಟರ್ ತಂದು ತುಂಬಿದ್ರು, ಕಾಟಾದ ಮ್ಯಾಲ ತೂಕ ಹಾಕ್ಸಿ ಚೀಟಿ ಕೈಗೆ ಕೊಟ್ರು: 9 ಕ್ವಿಂಟಲ್ 20 ಕೆಜಿ. ಆ ಚೀಟಿ ನೋಡ್ಕೋತ ಕುಂತಾಗ ನನಗ ಒಂದು ಹುಚ್ಚು ಲೆಕ್ಕ ತಲಿಗೆ ಬಂತು, ಅದನ್ನ ಮೊದಲು ನಿಮಗ ಹೇಳಿಬಿಡ್ತೀನಿ, ಯಾಕಂದ್ರ ಮುಂದಿನ ಮಾತೆಲ್ಲ ಅದರ ಮ್ಯಾಲ ನಿಂತೈತಿ.

ಹಸಿ ಕಟ್ಟಿಗಿ ಒಣಗಿದ ಮ್ಯಾಲ ಐದು ಕ್ವಿಂಟಲ್ ಉಳೀತೈತಿ ಅಂತ ಹಿಡೀರಿ. ಒಣ ಕಟ್ಟಿಗ್ಯಾಗ ಹೆಚ್ಚೂಕಡಿಮಿ ಅರ್ಧ ಭಾಗ ಕಾರ್ಬನ್, ಅಂದ್ರ 250 ಕೆಜಿ. ಒಂದು ಕೆಜಿ ಕಾರ್ಬನ್ ಮೈಯಾಗ ಕೂಡಿಸ್ಕೊಳ್ಳಾಕ ಗಿಡ ಗಾಳ್ಯಾಗಿಂದ 3.67 ಕೆಜಿ ಕಾರ್ಬನ್ ಡೈಆಕ್ಸೈಡ್ (ಭೂಮಿ ಬಿಸಿ ಮಾಡೋ ಗ್ಯಾಸು) ಎಳಕೊಂಡಿರತೈತಿ. ಹಂಗಾಗಿ ನಮ್ಮ ಬೇವಿನ ಗಿಡ ಮೂವತ್ತೈದು ವರ್ಷ ದುಡಿದು ಜಮಾ ಮಾಡಿದ್ದು 900 ಕೆಜಿ ಚಿಲ್ರೆ. ಈಗ ನನ್ನ ಖರ್ಚು ನೋಡ್ರಿ. ಹುಬ್ಬಳ್ಳಿ-ಧಾರವಾಡ ಓಡಾಟಕ್ಕ ಬೈಕಿಗೆ ತಿಂಗಳಿಗೆ 15 ಲೀಟರ್ ಪೆಟ್ರೋಲ್ ಹಾಕಸ್ತೀನಿ. ಒಂದು ಲೀಟರ್ ಸುಟ್ರ 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಗ ಬರತೈತಿ, ವರ್ಷಕ್ಕ 414 ಕೆಜಿ. ಅಂದ್ರ ಅಜ್ಜ ಹಚ್ಚಿದ ಗಿಡದ ಇಡೀ ಜೀವಮಾನದ ಗಳಿಕಿ ನಾನು ಎರಡು ವರ್ಷ ಚಿಲ್ರೆದಾಗ ಸುಟ್ಟು ಮುಗಿಸ್ತೀನಿ, ಅದೂ ಒಂದು ಬೈಕಿನ್ಯಾಗ. ಬೇರು, ತಪ್ಪಲ ಎಲ್ಲಾ ಸೇರ್ಸಿದ್ರೂ ಮೂರು ವರ್ಷ ದಾಟಂಗಿಲ್ಲ. ಮ್ಯಾಲ ಆ ಕಟ್ಟಿಗಿ ಹೋಗಿದ್ದು ಇಟ್ಟಂಗಿ ಭಟ್ಟಿಗೆ. ಮೂವತ್ತೈದು ವರ್ಷ ಹಿಡಿದಿಟ್ಟದ್ದು ಒಂದು ವಾರದಾಗ ವಾಪಸ್ ಗಾಳಿಗೆ. ಬಾಗಿಲ ಚೌಕಟ್ಟು ಮಾಡಿಸಿದ್ರ ಇನ್ನೂ ಐವತ್ತು ವರ್ಷ ಕಟ್ಟಿಗ್ಯಾಗ ಇರ್ತಿತ್ತೇನೋ, ಆದ್ರ ಯಾರಿಗೆ ಪುರಸೊತ್ತು.

ಇದನ್ನ ಓದಿ ಗಿಡ ಹಚ್ಚೋದು ವೇಸ್ಟ್ ಅಂತ ತಿಳ್ಕೋಬ್ಯಾಡ್ರಿ. ಜಗತ್ತಿನ ಲೆಕ್ಕಕ್ಕ ಬಂದ್ರ ಕಾಡು ಭಾಳ ದೊಡ್ಡ ಕೆಲಸ ಮಾಡಾಕತ್ತೈತಿ. 2001ರಿಂದ 2019ರವರೆಗಿನ ಉಪಗ್ರಹದ ಮಾಹಿತಿ ಇಟ್ಕೊಂಡು ಮಾಡಿದ ಒಂದು ಲೆಕ್ಕದ ಪ್ರಕಾರ ಜಗತ್ತಿನ ಕಾಡುಗಳು ವರ್ಷಕ್ಕ ಸುಮಾರು 1,560 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಎಳಕೊಂಡ್ವು, ಅದೇ ಹೊತ್ತಿನ್ಯಾಗ ಕಡಿಯೋದು ಸುಡೋದರಿಂದ ಸುಮಾರು 810 ಕೋಟಿ ಟನ್ ಹೊರಗ ಬಂತು. ಎಳಕೊಂಡಿದ್ದರ ಅರ್ಧಕ್ಕಿಂತ ಹೆಚ್ಚು ನಾವೇ ಹೊರಗ ಬಿಟ್ಟೀವಿ ಅಂದಂಗಾತು. ಕಲ್ಲಿದ್ದಲು ಪೆಟ್ರೋಲು ಗ್ಯಾಸು ಸುಟ್ಟು ಮನುಷ್ಯರು ವರ್ಷಕ್ಕ ಬಿಡೋದು ಸುಮಾರು 3,700 ಕೋಟಿ ಟನ್. ಈ ಮೂರು ನಂಬರ್ ಒಂದರ ಪಕ್ಕ ಒಂದು ಇಟ್ರ ಎರಡು ವಿಷಯ ತಾನಾಗೇ ಕಾಣತೈತಿ: ಇರೋ ಕಾಡು ಉಳಿಸೋದರಿಂದ ಬರೋ ಲಾಭ ದೊಡ್ಡದು, ಅದೂ ಇವತ್ತೇ ಬರೋದು, ಹೊಸಾ ಸಸಿ ಹಚ್ಚೋದರಿಂದ ಬರೋ ಲಾಭ ನಿಧಾನ, ಸಣ್ಣದು, ಮತ್ತ ಬದುಕಿದ್ರ ಮಾತ್ರ. ಆದ್ರ ಪೇಪರಿನ್ಯಾಗ ಫೋಟೋ ಬರೋದು ಎರಡನೇದರದ್ದು. ಕಡೀಲಾರದ ಗಿಡದ ಮುಂದ ನಿಂತು ಯಾರು ಫೋಟೋ ತಗಸ್ತಾರ ಹೇಳ್ರಿ.

ನಮ್ಮ ಕಡೆ ಮಂದಿಗೆ ಈ ಹಚ್ಚೋ ಹುಮ್ಮಸ್ಸಿನ ಅನುಭವ ಹೊಸದೇನಲ್ಲ. ಕಾರ್ಬನ್ ಅನ್ನೋ ಮಾತು ಯಾರ ಬಾಯಾಗೂ ಇಲ್ಲದ ಕಾಲಕ್ಕ, ಎಂಬತ್ತರ ದಶಕದಾಗ, ಸರ್ಕಾರ ಮತ್ತ ಕಟ್ಟಿಗಿ ತಿರುಳು (ಪಲ್ಪ್) ಮಾಡೋ ಹರಿಹರದ ಪಾಲಿಫೈಬರ್ ಕಾರ್ಖಾನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಅಂತ ಒಂದು ಜಂಟಿ ಕಂಪನಿ ಮಾಡಿದ್ರು. ಧಾರವಾಡ, ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲಾಗಳ ಸುಮಾರು 30 ಸಾವಿರ ಹೆಕ್ಟೇರ್ ಸರ್ಕಾರಿ ಜಾಗದಾಗ ನೀಲಗಿರಿ ಬೆಳೆಯೋ ಪ್ಲಾನು. ಕಾಗದದ ಮ್ಯಾಲ ಅದು ಬಂಜರು ಭೂಮಿ, ಊರಿನವ್ರಿಗೆ ಮಾತ್ರ ದನ ಮೇಯೋ ಜಾಗ, ಉರುವಲು ತರೋ ಜಾಗ, ಹುಲ್ಲು ಕೊಯ್ಯೋ ಜಾಗ. 1987ರ ನವೆಂಬರ್ 14ಕ್ಕ ಹಾನಗಲ್ ತಾಲ್ಲೂಕಿನ ಕುಸನೂರಾಗ ಮಂದಿ ಕೂಡಿ ನೀಲಗಿರಿ ಸಸಿ ಕಿತ್ತು, ಅದೇ ಜಾಗದಾಗ ತಮಗ ಬೇಕಾದ ಹಣ್ಣಿನ, ಮೇವಿನ ಗಿಡ ಹಚ್ಚಿದ್ರು. ಧಾರವಾಡದ ಸಮಾಜ ಪರಿವರ್ತನಾ ಸಮುದಾಯದ ಎಸ್.ಆರ್. ಹಿರೇಮಠರು ಮುಂದ ನಿಂತಿದ್ದ ಆ ಹೋರಾಟಕ್ಕ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಅಂತ ಹೆಸರು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಗಿತ್ತು, ಕಡೀಕ ಆ ಕಂಪನಿ 1991ಕ್ಕ ಬಾಗಿಲಾ ಹಾಕಿತು. ಈಗಿನ ಕ್ಲೈಮೇಟ್ ಮೀಟಿಂಗ್‌ದಾಗ ಕೇಳೋ ಪ್ರಶ್ನೆ, ಗಿಡ ಯಾರ ಜಾಗದಾಗ, ಯಾವ ಜಾತಿದು, ಲಾಭ ಯಾರಿಗೆ, ಇವನ್ನ ಕುಸನೂರಿನ ಮಂದಿ ಆಗಲೇ ಸಸಿ ಕಿತ್ತು ಕೇಳಿದ್ರು.

ನೀಲಗಿರಿ ಕತಿ ಅಲ್ಲಿಗೇ ಮುಗೀಲಿಲ್ಲ. ರಾಣೆಬೆನ್ನೂರು ಹತ್ರ ಕೃಷ್ಣಮೃಗ ಅಭಯಾರಣ್ಯ ಐತಿ, 1974ರಾಗ ಘೋಷಣಾ ಆದದ್ದು, 119 ಚದರ ಕಿಲೋಮೀಟರ್. ಚಿಗರಿಗೆ, ಅಂದ್ರ ಕೃಷ್ಣಮೃಗಕ್ಕ, ಬೇಕಾಗೋದು ಬಯಲು. ದೂರದಿಂದ ವೈರಿ ಕಾಣಬೇಕು, ಕಂಡ ಕೂಡಲೇ ನೆಗೆದು ಓಡಬೇಕು. ಆ ಅಭಯಾರಣ್ಯದೊಳಗ ಎಕರೆಗಟ್ಟಲೆ ನೀಲಗಿರಿ ನೆಡುತೋಪು. ಒಂದ್ ಕಾಲಕ್ಕ ಅಲ್ಲಿ ಎರ್ಲಡ್ಡು ಹಕ್ಕಿ, ಅದೇ ಗ್ರೇಟ್ ಇಂಡಿಯನ್ ಬಸ್ಟರ್ಡ್, ಕಾಣಸ್ತಿತ್ತು, ಹುಲ್ಲುಗಾವಲು ಬಿಟ್ರ ಬೇರೆ ಕಡೆ ಬದುಕದ ಹಕ್ಕಿ, ಈಗ ನಮ್ಮ ಕಡೆ ಅದರ ಸುದ್ದೀನೇ ಇಲ್ಲ. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೆ ಚಿಗರಿ ಅಂತ ಚಂದ ಹೆಸರಿಟ್ಟೀವಿ (ಆ ರೋಡ್ ಮಾಡೋವಾಗ ಹೋದ ಗಿಡಗಳ ಮಾತು ಬ್ಯಾರೆ), ನಿಜವಾದ ಚಿಗರಿಗೆ ಬಿಡಬೇಕಾದ ಬಯಲಿನ್ಯಾಗ ಮಾತ್ರ ಗಿಡ ಹಚ್ಚೀವಿ. 2017ರಾಗ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ, ಅಕೇಶಿಯಾ ಬೆಳೆಯೋದನ್ನ ನಿಷೇಧ ಮಾಡಿತು. ಅಷ್ಟೊತ್ತಿಗೆ ಆಗೋದು ಆಗಿ ಹೋಗಿತ್ತು.

ಹುಲ್ಲಿನ ಬಯಲು ಅಂದ್ರ ಖಾಲಿ ಜಾಗ ಅನ್ನೋದು ನಮ್ಮ ತಲ್ಯಾಗ ಕುಂತುಬಿಟ್ಟೈತಿ. ಖಾಲಿ ಅಲ್ಲ ಅದು. ಹುಲ್ಲಿನ ಕಾರ್ಬನ್ ನೆಲದೊಳಗ ಇರತೈತಿ, ಬೇರಿನ್ಯಾಗ, ಮಣ್ಣಿನ್ಯಾಗ. ಬೆಂಕಿ ಬಿದ್ರ ಮ್ಯಾಲಿನ ಹುಲ್ಲು ಹೋಗತೈತಿ, ಮಳಿ ಬಂದ್ರ ಮತ್ತ ಚಿಗೀತೈತಿ, ಕೆಳಗಿನ ಗಂಟು ಹಂಗೇ ಇರತೈತಿ. ಗಿಡದ ಕಾರ್ಬನ್ ಹಂಗಲ್ಲ, ನೆಲದ ಮ್ಯಾಲ ನಿಂತಿದ್ದು, ಬೆಂಕಿಗೂ ಕೊಡ್ಲಿಗೂ ಎದುರಿಗೇ ಐತಿ. ಅದಕ್ಕ 2019ರಾಗ ಸೈನ್ಸ್ ಪತ್ರಿಕ್ಯಾಗ ಜಗತ್ತಿನ್ಯಾಗ ಇನ್ನೂ 90 ಕೋಟಿ ಹೆಕ್ಟೇರ್ ಗಿಡ ಬೆಳೆಸಬಹುದು, 205 ಶತಕೋಟಿ ಟನ್ ಕಾರ್ಬನ್ ಹಿಡಿಬಹುದು ಅಂತ ಲೇಖನ ಬಂದಾಗ ಹುಲ್ಲುಗಾವಲಿನ ಬಗ್ಗೆ ಕೆಲಸ ಮಾಡೋ ವಿಜ್ಞಾನಿಗಳು ಎದ್ದು ನಿಂತ್ರು. ನೀವು ಗಿಡ ಬೆಳೆಸಬಹುದು ಅಂತ ಬಣ್ಣ ಹಚ್ಚಿದ ಜಾಗದಾಗ ಸಾಕಷ್ಟು ಜಾಗ ಮೊದಲಿಂದಲೂ ಹುಲ್ಲುಗಾವಲೇ, ಅಲ್ಲಿಯ ಮಣ್ಣಿನ್ಯಾಗ ಇರೋ ಕಾರ್ಬನ್ ಸರಿಯಾಗಿ ಲೆಕ್ಕಕ್ಕ ಹಿಡಿದಿಲ್ಲ ಅನ್ನೋದು ಅವರ ತಕರಾರು. ನಮ್ಮ ಕುರುಬರಿಗೆ ಈ ತಕರಾರು ಅರ್ಥ ಮಾಡಿಸಾಕ ಪೇಪರ್ ಬೇಕಾಗಿಲ್ಲ. ಕುರಿ ಮೇಯಿಸೋ ಗುಡ್ಡಕ್ಕ ತಂತಿ ಬೇಲಿ ಹಾಕಿ ಪ್ಲಾಂಟೇಶನ್ ಅಂತ ಬೋರ್ಡ್ ಹಚ್ಚಿದ ದಿನಾನೇ ಅವ್ರಿಗೆ ಗೊತ್ತಾಗತೈತಿ.

ಇನ್ನ ನೀರಿನ ಮಾತು. ಗಿಡ ಇದ್ರ ಮಳಿ, ಗಿಡ ಇದ್ರ ನೀರು ಅಂತ ಸಾಲಿಯೊಳಗ ನಮಗೆಲ್ಲ ಬಾಯಿಪಾಠ ಮಾಡಿಸ್ಯಾರ. ಪಶ್ಚಿಮ ಘಟ್ಟದಂಥ ಕಾಡಿಗೆ ಆ ಮಾತು ಸರಿ. ಆದ್ರ ಗದಗ ಕಡೆ ವರ್ಷಕ್ಕ ಬೀಳೋ ಮಳಿ 600 ಮಿಲಿಮೀಟರ್ ಆಜುಬಾಜು, ಅದೂ ಬಂದ ವರ್ಷ. ಅಷ್ಟರಾಗ ಗಿಡಾನೂ ಕುಡೀಬೇಕು, ಕೆರಿಗೂ ಹೋಗಬೇಕು, ಬೋರಿಗೂ ಇಳೀಬೇಕು. ಬೇರೆ ಬೇರೆ ದೇಶದ ಹಳ್ಳಕೊಳ್ಳಗಳ ದಾಖಲೆ ಸೇರ್ಸಿ 2005ರಾಗ ಮಾಡಿದ ಒಂದು ದೊಡ್ಡ ಅಧ್ಯಯನದಾಗ ಹುಲ್ಲು-ಕುರುಚಲು ಇದ್ದ ಕಡೆ, ಹೊಲ ಇದ್ದ ಕಡೆ ನೆಡುತೋಪು ಮಾಡಿದ ಮ್ಯಾಲ ಹಳ್ಳದ ನೀರು ಸರಾಸರಿ ಅರ್ಧಕ್ಕರ್ಧ ಇಳಿದಿದ್ದು ಕಂಡುಬಂತು, ನೂರಕ್ಕ 13 ಹಳ್ಳ ಕಡಿಮಿ ಅಂದ್ರೂ ಒಂದು ವರ್ಷ ಪೂರ್ತಿ ಬತ್ತಿದ್ವು. ದಕ್ಷಿಣ ಆಫ್ರಿಕಾದಾಗ ಇದು ಎಷ್ಟು ಕೆಟ್ಟ ಅನುಭವ ಆಗೇತಿ ಅಂದ್ರ, ಅಲ್ಲಿ ವ್ಯಾಪಾರಿ ನೆಡುತೋಪು ಹಚ್ಚೋದನ್ನ ನೀರಿನ ಕಾನೂನಿನ್ಯಾಗೇ ಸೇರ್ಸ್ಯಾರ, ಬೋರ್ ಹಾಕಿ ನೀರು ಎತ್ತಿದಂಗ ಗಿಡ ಹಚ್ಚೋದಕ್ಕೂ ಪರವಾನಗಿ. ಬಿಸಿಲಿನದೂ ಒಂದು ಲೆಕ್ಕ ಐತಿ. ಒಣ ಹುಲ್ಲಿನ ಬಯಲು ತಿಳಿ ಬಣ್ಣದ್ದು, ಬಿಸಿಲು ವಾಪಸ್ ಹೊಡೀತೈತಿ. ದಟ್ಟ ಹಸಿರು ತೋಪು ಕಪ್ಪಗ, ಬಿಸಿಲು ಹೀರತೈತಿ. ನೀರು ಸಾಕಷ್ಟಿದ್ದ ಕಡೆ ಎಲಿ ಬೆವೆತು ತಂಪು ಮಾಡತೈತಿ, ಹಾನಿ ತುಂಬಿ ಹೋಗತೈತಿ. ನೀರಿಲ್ಲದ ಕಡೆ ಹಂಗಿಲ್ಲ. ಇಸ್ರೇಲಿನ ಮರುಭೂಮಿ ಅಂಚಿನ ಯತೀರ್ ಅನ್ನೋ ಪೈನ್ ಕಾಡಿನ್ಯಾಗ ಅಳೆದು ನೋಡಿದ್ರ, ಗಿಡ ಹಿಡಿದ ಕಾರ್ಬನ್‌ನಿಂದ ಆಗೋ ತಂಪು ಈ ಬಿಸಿಲಿನ ಲುಕ್ಸಾನು ತೀರಿಸಾಕ ಎಷ್ಟೋ ದಶಕ ಬೇಕು ಅಂತ ಬಂತು. ನಮ್ಮದು ಅಷ್ಟು ಒಣ ಜಾಗ ಅಲ್ಲ, ಆದ್ರ ಮಲೆನಾಡೂ ಅಲ್ಲ, ಅದಕ್ಕ ಮಲೆನಾಡಿನ ಔಷಧ ನಮಗ ಕುಡಿಸೋ ಮುಂದ ಒಂದ್ ಸಲ ವಿಚಾರ ಮಾಡ್ರಿ ಅಂತ ನನ್ನ ಮಾತು.

ಈಗ ನನ್ನ ತಲಿ ಕೆಡಿಸಿದ ಇನ್ನೊಂದು ಲೆಕ್ಕ ಹೇಳ್ತೀನಿ, ಇದು ಪರಿಸರದವ್ರಿಗೂ ಅಷ್ಟು ಹಿಡಿಸಂಗಿಲ್ಲ. ಹುಬ್ಬಳ್ಳಿ-ಅಂಕೋಲಾ ರೈಲು. 164 ಕಿಲೋಮೀಟರ್ ದಾರಿ, ಇಪ್ಪತ್ತೈದು ವರ್ಷದಿಂದ ಇವತ್ತು ಆಗತೈತಿ ನಾಳೆ ಆಗತೈತಿ ಅಂತ ನಡೆದೈತಿ. ಹಳೆ ಪ್ರಸ್ತಾವದ ಪ್ರಕಾರ 595 ಹೆಕ್ಟೇರ್ ಚಿಲ್ರೆ ಕಾಡು ಬೇಕು, ಎರಡು ಲಕ್ಷಕ್ಕಿಂತ ಹೆಚ್ಚು ಗಿಡ ಹೋಗ್ತಾವ. ನಮ್ಮ ದೇಶದ ಕಾಡಿನ ಸರಾಸರಿ ಹಿಡಿದ್ರ ಒಂದು ಹೆಕ್ಟೇರಿನ್ಯಾಗ ಮಣ್ಣು ಸೇರಿ ಸುಮಾರು 100 ಟನ್ ಕಾರ್ಬನ್ ಐತಿ. ಅಷ್ಟೂ ಗಾಳಿಗೆ ಹೋತು ಅಂತಾನೇ ತಿಳ್ಕೋರಿ, 595 ಹೆಕ್ಟೇರಿಗೆ ಎರಡು ಲಕ್ಷ ಟನ್ ಮ್ಯಾಲ ಕಾರ್ಬನ್ ಡೈಆಕ್ಸೈಡ್ ಆತು. ಅಷ್ಟು ಹೊಗಿ ಬರಾಕ ಎಂಟು ಕೋಟಿ ಲೀಟರ್ ಡೀಸೆಲ್ ಸುಡಬೇಕು. ಈಗ ಹುಬ್ಬಳ್ಳಿ-ಅಂಕೋಲಾ ಲಾರಿ ಹತ್ತಿ ಇಳಿಯೋ ಅರಬೈಲ್ ಘಟ್ಟದಾಗ ಲಾರಿಗಳ ಸಾಲು ನೋಡಿದವ್ರಿಗೆ ಗೊತ್ತು ಅಲ್ಲಿ ಡೀಸೆಲ್ ಹೆಂಗ ಸುಡತೈತಿ ಅಂತ. ದಿನಕ್ಕ ಸಾವಿರ ಲಾರಿಯ ಮಾಲು ರೈಲಿಗೆ ಹೋತು, ಒಂದೊಂದು ಲಾರಿಗೆ 40 ಲೀಟರ್ ಉಳೀತು ಅಂತ ಸುಮ್ನ ಅಂದಾಜಿಗೆ ಹಿಡಿದ್ರ ಐದಾರು ವರ್ಷದಾಗ ಕಾಡಿನ ಲೆಕ್ಕ ಚುಕ್ತಾ!

ಅಂದ್ರ ಬರೇ ಕಾರ್ಬನ್ ತಕ್ಕಡ್ಯಾಗ ತೂಗಿದ್ರ ಆ ರೈಲಿನ ದಾರ್ಯಾಗಿರೋ ಯಲ್ಲಾಪುರದ ಕಾಡು ಸೋಲತೈತಿ, ರೈಲು ಗೆಲ್ಲತೈತಿ. ಈ ಲೆಕ್ಕ ಮಾಡಿದ ರಾತ್ರಿ ನನಗ ಸರಿಯಾಗಿ ನಿದ್ದಿ ಬರಲಿಲ್ಲ ಖರೇ ಹೇಳ್ಬೇಕಂದ್ರ. ಆಮ್ಯಾಲ ಹೊಳೀತು, ತಪ್ಪು ಲೆಕ್ಕದಾಗಿಲ್ಲ, ತಕ್ಕಡ್ಯಾಗ ಐತಿ. ಆ ಕಾಡಿನ್ಯಾಗ ಮಂಗಟ್ಟೆ ಹಕ್ಕಿ, ಆನಿ ಹಾದಿ, ಕಾಳಿ-ಬೇಡ್ತಿ ಹೊಳಿಗೆ ಇಳಿಯೋ ಹಳ್ಳಗಳು, ಮಳಿ ಹೊಡೆತಕ್ಕ ಗುಡ್ಡ ಕುಸೀಲಾರದಂಗ ಹಿಡಿದಿರೋ ಬೇರು, ಇವ್ಯಾವೂ ಟನ್ ಲೆಕ್ಕಕ್ಕ ಬರಂಗಿಲ್ಲ. ಕಾಡು ಉಳಿಸ್ರಿ ಯಾಕಂದ್ರ ಕಾರ್ಬನ್ ಐತಿ ಅಂತ ವಾದ ಮಾಡೋರು ನಾಳೆ ಯಾರರೇ ಕ್ಯಾಲ್ಕುಲೇಟರ್ ಹಿಡ್ಕೊಂಡು ಬಂದ್ರ ಏನ್ ಹೇಳ್ತಾರ? ನಮ್ಮ ಬೇವಿನ ಗಿಡದ್ದೂ ಅದೇ ಕತಿ. ಎರಡು ವರ್ಷದ ಪೆಟ್ರೋಲ್ ಅಷ್ಟೇ ಅದರ ಕಾರ್ಬನ್ ಕಿಮ್ಮತ್ತು. ಆದ್ರ ಗಿಡ ಹೋದ ಮೊದಲ ಬ್ಯಾಸಿಗಿಗೇ ನಾವು ಕೂಲರ್ ತಂದ್ವಿ, ಪಡುವಣ ಗ್ವಾಡಿ ರಾತ್ರಿ ಹತ್ತಕ್ಕೂ ಮುಟ್ಟಾಕ ಆಗ್ತಿರಲಿಲ್ಲ, ಮಧ್ಯಾಹ್ನ ಗಿಡದ ಕೆಳಗ ಕೂಡ್ತಿದ್ದ ಅವ್ವ ಈಗ ಟಿವಿ ಮುಂದ ಕೂಡ್ತಾಳ. ಈ ಖರ್ಚು ಯಾವ ಚೀಟ್ಯಾಗೂ ಬರ್ದಿಲ್ಲ.

ಸರ್ಕಾರದ ಲೆಕ್ಕದ ತಕ್ಕಡಿನೂ ಹಿಂಗೇ ಐತಿ. ಹವಾಮಾನದ ಪ್ಯಾರಿಸ್ ಒಪ್ಪಂದಕ್ಕ ಭಾರತ ಕೊಟ್ಟ ಮಾತು, 2030ರೊಳಗ ಕಾಡು-ಗಿಡಗಳಿಂದ ಹೆಚ್ಚುವರಿಯಾಗಿ 250ರಿಂದ 300 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಹಿಡೀತೀವಿ ಅಂತ. 2023ರ ಅರಣ್ಯ ಸಮೀಕ್ಷಾ ವರದಿ ಪ್ರಕಾರ 2005ಕ್ಕೆ ಹೋಲಿಸಿದ್ರ ಆಗಲೇ 229 ಕೋಟಿ ಟನ್ ಆಗೇತಿ, ದೇಶದ ನೂರಕ್ಕ 25.17 ಭಾಗ ಹಸಿರು. ಕೇಳಾಕ ಚಲೋ ಐತಿ. ಆದ್ರ ಆ ಲೆಕ್ಕದಾಗ ಕಾಡು ಅಂದ್ರ ಏನು? ಒಂದು ಹೆಕ್ಟೇರ್ ಮ್ಯಾಲ ಜಾಗ ಇರಬೇಕು, ನೂರಕ್ಕ ಹತ್ತು ಭಾಗ ನೆರಳು ಬೀಳಬೇಕು, ಅಷ್ಟೇ. ಮಾಲಕರು ಯಾರು, ಗಿಡ ಯಾವುದು ಕೇಳಂಗಿಲ್ಲ. ಕಾಫಿ ತ್ವಾಟಾನೂ ಕಾಡು, ಮಾವಿನ ತೋಪೂ ಕಾಡು, ನೀಲಗಿರಿನೂ ಕಾಡು. ಮತ್ತ 229 ಕೋಟಿ ಟನ್ ಹದಿನೆಂಟು ವರ್ಷಕ್ಕ ಆದದ್ದು, ದೇಶ ಈಗ ಇಂಧನ ಸುಟ್ಟು ಬಿಡೋದು ಒಂದೇ ವರ್ಷಕ್ಕ ಸುಮಾರು 300 ಕೋಟಿ ಟನ್. ಘಟ್ಟದಾಗ ಕಾಡು ಕಡಿದು ಅದಕ್ಕ ಬದಲಿ ಅಂತ ಕಾಂಪಾ ರೊಕ್ಕದಾಗ (ಕಾಡಿನ ಜಾಗ ತಗೊಂಡವ್ರಿಂದ ಬದಲಿ ಗಿಡಕ್ಕಂತ ವಸೂಲಿ ಮಾಡೋ ನಿಧಿ) ಬಯಲುಸೀಮ್ಯಾಗ ಸಸಿ ಹಚ್ಚಿದ್ರೂ ಕಾಗದದ ಮ್ಯಾಲ ಲೆಕ್ಕ ಸರಿಹೋಗತೈತಿ. ಎರಡು ಸಲ ಸೋತಂಗ ಅದು: ಅಲ್ಲಿ ಕಾಡು ಹೋತು, ಇಲ್ಲಿ ಹುಲ್ಲು ಹೋತು.

ಹಂಗಾದ್ರ ನಮ್ಮ ಕಡೆ ಏನು ನಡೀತೈತಿ? ನನಗ ಕಾಣೋದು ಎರಡು. ಮೊದಲನೇದು ಕಪ್ಪತ್ತಗುಡ್ಡ. ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತ್ತಗಿರಿ ನೋಡೋದು ಲೇಸು ಅಂತ ಗದಗಿನ ಕಡೆ ಮಾತೈತಿ. ಕೆಳಗ ಬಂಗಾರ ಮತ್ತ ಕಬ್ಬಿಣದ ಅದಿರು, ಮ್ಯಾಲ ಔಷಧಿ ಗಿಡ, ಅದಕ್ಕ ಗಣಿಯವ್ರ ಕಣ್ಣೂ ಅದರ ಮ್ಯಾಲ, ಗುಡ್ಡ ಉಳಿಸೋರ ಕಣ್ಣೂ ಅದರ ಮ್ಯಾಲ. 2015ಕ್ಕ ಸಂರಕ್ಷಿತ ಪ್ರದೇಶ ಅಂತ ಘೋಷಣಾ ಮಾಡಿದ್ರು, 2016ಕ್ಕ ವಾಪಸ್ ತಗೊಂಡ್ರು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು, ನಂದಿವೇರಿ ಮಠದ ಸ್ವಾಮಿಗಳು ಮಂದಿನ್ನ ಕಟ್ಕೊಂಡು ಬೀದಿಗೆ ಇಳಿದ ಮ್ಯಾಲ 2017ಕ್ಕ ಮತ್ತ ಕೊಟ್ರು, 2019ಕ್ಕ ವನ್ಯಜೀವಿಧಾಮ ಆತು, 244 ಚದರ ಕಿಲೋಮೀಟರ್. ಅಲ್ಲಿ ಯಾರೂ ಕೋಟಿ ಸಸಿ ಹಚ್ಚಿಲ್ಲ. ಇದ್ದದ್ದನ್ನ ಅಗೀಗೊಡಲಿಲ್ಲ, ಅಷ್ಟೇ. ಬ್ಯಾಸಿಗ್ಯಾಗ ಬೆಂಕಿ ಕಾಯೋ ಫಾರೆಸ್ಟ್ ವಾಚರ್‌ಗಳ ಪಗಾರ, ಬೆಂಕಿ ರೇಖಿ (ಬೆಂಕಿ ಹಬ್ಬಲಾರದಂಗ ಹುಲ್ಲು ಸವರಿದ ಪಟ್ಟಿ) ಮಾಡೋ ಖರ್ಚು, ಇದು ಕಾರ್ಬನ್ ಉಳಿಸೋ ಭಾಳ ಸೋವಿ ದಾರಿ, ಆದ್ರ ಉದ್ಘಾಟನಾ ಮಾಡಾಕ ಏನೂ ಇರಂಗಿಲ್ಲ ಅದರಾಗ.

ಎರಡನೇದು ಹೊಲದ ಬದು. ಬುರ್ಕಿನಾ ಫಾಸೋ ದೇಶದಾಗ ಒಣ ಸೀಮ್ಯಾಗ ಅಳೆದು ನೋಡಿ 2016ರಾಗ ಪ್ರಕಟ ಮಾಡಿದ್ದು ನನಗ ಭಾಳ ಹಿಡಿಸಿತು: ಗಿಡ ಇಲ್ಲದ ಬೋಳು ನೆಲದಾಗ ಅಂತರ್ಜಲ ಕಡಿಮಿ, ದಟ್ಟ ತೋಪಿನ್ಯಾಗೂ ಕಡಿಮಿ, ಅಲ್ಲೊಂದು ಇಲ್ಲೊಂದು ಗಿಡ ಇದ್ದ ಹೊಲದಾಗ ಹೆಚ್ಚು. ಬೇರು ಮಣ್ಣು ಸಡಿಲ ಮಾಡಿ ನೀರು ಇಳಸ್ತಾವ, ಆದ್ರ ಇಳಿದದ್ದನ್ನೆಲ್ಲ ಕುಡಿಯೋವಷ್ಟು ಗಿಡ ಇರಂಗಿಲ್ಲ. ಇದು ನಮ್ಮ ಎರಿ ಹೊಲದ ಹಳೆ ಚಿತ್ರಾನೇ ಅಲ್ಲೇನು? ಬದುವಿನ ಮ್ಯಾಲ ಒಂದು ಜಾಲಿ, ಎರಡು ಬೇವು, ಒಂದು ಬನ್ನಿ, ನಡುವ ಜ್ವಾಳ. ಜೆಸಿಬಿ ಬಂದು ಬದು ಸಾಪಾಟು ಮಾಡೋಕಿಂತ ಮೊದಲಿಂದು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನ್ಯಾಗ ಅರಣ್ಯ ಇಲಾಖೆ ಬದುಕಿದ ಸಸಿಗೆ ಮೂರು ವರ್ಷದಾಗ 35, 40, 50 ಅಂತ ಸೇರಿ 125 ರೂಪಾಯಿ ಕೊಡತೈತಿ. ಹಚ್ಚಿದ್ದಕ್ಕಲ್ಲ, ಬದುಕಿದ್ದಕ್ಕ. ಈ ಒಂದು ಷರತ್ತು ಎಲ್ಲಾ ವನಮಹೋತ್ಸವಕ್ಕೂ ಹಾಕಿದ್ರ ಎಷ್ಟು ಫೋಟೋ ಉಳೀತಾವೋ ನೋಡಬೇಕು.

ಇಷ್ಟೆಲ್ಲ ಯಾಕ ಬರೀಬೇಕಾತಂದ್ರ, ಬ್ಯಾಡಗಿ ಹತ್ರ ನಮ್ಮ ಮಾವನ ಹೊಲಕ್ಕ ಒಬ್ಬ ಕಾರ್ಬನ್ ಕ್ರೆಡಿಟ್ ಏಜೆಂಟ್ ಬಂದಿದ್ದ. ನಾಲ್ಕು ಎಕರೆದಾಗ ಗಿಡ ಹಚ್ಚಬೇಕು, ಮೂವತ್ತು ವರ್ಷ ಕಡೀಬಾರದು, ಗಿಡ ಹಿಡಿದ ಕಾರ್ಬನ್ ಅವ್ರು ವಿದೇಶಿ ಕಂಪನಿಗೆ ಮಾರ್ತಾರ, ಮಾವಗ ಪಾಲು ಬರತೈತಿ. ಒಂದು ಎಕರೆ ವರ್ಷಕ್ಕ ಮೂರು ಟನ್ ಹಿಡೀತು, ಟನ್ನಿಗೆ ಹತ್ತು ಡಾಲರ್ ಸಿಕ್ತು ಅಂತ ನಾನು ಲೆಕ್ಕ ಹಾಕಿ ತೋರಿಸ್ದೆ, ಪೂರಾ ಬಂದ್ರೂ ಎಕರೆಗೆ ಎರಡೂವರಿ ಸಾವಿರ. ಗೋವಿನಜೋಳ ಹದಿನೈದು ಕ್ವಿಂಟಲ್ ಬಂದ್ರ, ಕ್ವಿಂಟಲ್‌ಗೆ ಎರಡು ಸಾವಿರ ಸಿಕ್ರ, ಬೀಜ ಗೊಬ್ಬರ ಆಳು ಕಳೆದೂ ಅದಕ್ಕಿಂತ ಹೆಚ್ಚು ಉಳೀತೈತಿ. ಕೊಳ್ಳೋ ವಿದೇಶಿ ಕಂಪನಿ ಮಾತ್ರ ನಾವು ಹೊಗಿ ಬಿಟ್ಟಿದ್ದು ಚುಕ್ತಾ ಆತು ಅಂತ ಬರ್ಕೋತೈತಿ. ಇಂಥಾ ಅರಣ್ಯ ಯೋಜನೆ ಆರು ದೇಶದಾಗ 26 ಕಡೆ ಪರೀಕ್ಷೆ ಮಾಡಿ 2023ರಾಗ ಪ್ರಕಟ ಮಾಡಿದಾಗ ಹೆಚ್ಚಿನ ಕಡೆ ಕಾಡು ಕಡಿಯೋದೇನೂ ಅಂಥಾ ಕಡಿಮಿ ಆಗಿರಲಿಲ್ಲ. ಅದು ಇದ್ದ ಕಾಡು ಉಳಿಸೋ ಯೋಜನೆ, ಮಾವಂದು ಹೊಸಾ ಗಿಡ ಹಚ್ಚೋದು, ಎರಡೂ ಒಂದೇ ಅಲ್ಲ ಒಪ್ತೀನಿ. ಆದ್ರ ಮಾರೋ ಚೀಟಿ ಒಂದೇ ಥರದ್ದು.

ಮಾವ ಏನೂ ಲೆಕ್ಕ ಕೇಳಲಿಲ್ಲ. ಅಗ್ರಿಮೆಂಟ್ ತಿರುವಿ ತಿರುವಿ ನೋಡಿ ಒಂದೇ ಮಾತು ಕೇಳಿದ, "ತಮ್ಮಾ, ಹದಿನೈದನೇ ವರ್ಷಕ್ಕ ಬೆಂಕಿ ಬಿತ್ತು ಅಂತ ಇಟ್ಕೋ, ಅವ್ರು ಕೊಟ್ಟ ರೊಕ್ಕ ನಾ ವಾಪಸ್ ಕೊಡ್ಬೇಕೋ ಏನ್ ನೀ ಕೊಡ್ತೀಯೋ?"

"ಅದನ್ನ ಮ್ಯಾಲಿನವ್ರಿಗೆ ಕೇಳಿ ಹೇಳ್ತೀನ್ರಿ ಯಜಮಾನ್ರ" ಅಂದ ಏಜೆಂಟ್. ಅಗ್ರಿಮೆಂಟ್ ಇನ್ನೂ ಸಹಿ ಇಲ್ಲದ ಮಾವನ ಟ್ರ್ಯಾಕ್ಟರ್ ಟೂಲ್ ಬಾಕ್ಸಿನ್ಯಾಗ ಐತಿ. ಬದುವಿನ ಮ್ಯಾಲ ಮಾತ್ರ ಈ ಮುಂಗಾರಿಗೆ ನರ್ಸರಿಯಿಂದ ತಂದ ನಲವತ್ತು ಹೆಬ್ಬೇವು, ಆರು ಹುಣಸಿ ಹಚ್ಯಾನ. ಮೊನ್ನೆ ಹೋದಾಗ ಎಣಿಸಿದ್ವಿ, ಮೂವತ್ತೊಂದು ಹೆಬ್ಬೇವು ನಿಂತಿದ್ವು, ಹುಣಸಿ ಆರಕ್ಕ ಆರೂ.